ಕರುಳಿನ ಹುಣ್ಣು ಮಾಯುವ ಬಗೆ

ಕಬ್ಬಿನ ಕಟಾವಿನ ಕಾಲದಲ್ಲಿ ಅಥಣಿ, ಕಾಗವಾಡ, ರಾಯಬಾಗಗಳ ಸೀಮೆಯಲ್ಲಿ ಕುಡಗೋಲಿನ ಏಟು ಕಾಣದ ಕೈಯನ್ನು ಹುಡುಕಿ ತೆಗೆಯುವುದು ಕಷ್ಟ. ಅನಂತಪುರದ ಒಬ್ಬ ರೈತನ ಬೆರಳು ಕೊಯ್ದಿತೆನ್ನಿ. ಮನೆಯವರು ಚಿಟಿಕೆ ಅರಿಷಿಣವನ್ನೊತ್ತಿ ಬಟ್ಟೆಯ ಚೂರನ್ನು ಸುತ್ತುತ್ತಾರೆ. ನೆತ್ತರು ನಿಲ್ಲುತ್ತದೆ, ಹಕ್ಕಳೆ ಕಟ್ಟುತ್ತದೆ, ಎಂಟು ಹತ್ತು ದಿನಗಳಲ್ಲಿ ಹಕ್ಕಳೆ ಉದುರಿ ಅದರಡಿಯಲ್ಲಿ ಹೊಸ ತೊಗಲು ಕಾಣಿಸಿಕೊಳ್ಳುತ್ತದೆ. ಗಾಯ ಮಾಯಿತೆಂದು ಹೇಳಿ ಎಲ್ಲರೂ ಅದನ್ನು ಮರೆತುಬಿಡುತ್ತಾರೆ.

ಅಂಥದೇ ಗಾಯ ಕೈಯ ಮೇಲಲ್ಲದೆ ಹೊಟ್ಟೆಯೊಳಗೆ, ದೊಡ್ಡಕರುಳಿನ ಒಳಮೈಯಲ್ಲಿ ಆದರೆ? ಅಲ್ಲಿ ಬಟ್ಟೆ ಸುತ್ತುವಂತಿಲ್ಲ, ಒಣಗಿ ಹಕ್ಕಳೆ ಕಟ್ಟುವಂತಿಲ್ಲ. ಹಗಲಿರುಳೂ ಮಲವು ಹಾದುಹೋಗುವ ಹಾದಿಯಾದುದರಿಂದ ಗಾಯಕ್ಕೆ ಬಿಡುವೂ ಇಲ್ಲ. ಆದರೂ ಆರೋಗ್ಯವಂತರ ಕರುಳಿನಲ್ಲಿ ಬೀಳುವ ಸಣ್ಣ ಗೀರುಗಳು ಕೈಯ ಗಾಯಕ್ಕಿಂತ ಬೇಗನೆ ಮಾಯುತ್ತವೆಯೆಂಬುದು ಸೋಜಿಗದ ಸಂಗತಿ. ಕೆಲವರಲ್ಲಿ ಮಾತ್ರ ಹಾಗಾಗುವುದಿಲ್ಲ. ಒಂದು ಹುಣ್ಣು ಮಾಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ಕೆಲವು ತಿಂಗಳು ಸುಮ್ಮನಿದ್ದುದು ಮತ್ತೆ ಕೆರಳುತ್ತದೆ. ಹೀಗೆಯೇ ವರ್ಷಗಳು ಕಳೆಯುತ್ತವೆ. ವೈದ್ಯರು ಈ ರೋಗವನ್ನು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರೆ. ಸಂಸ್ಕೃತದ ನೆರವಿನಿಂದ ‘ವ್ರಣಯುಕ್ತ ಬೃಹದಂತ್ರಶೋಥ’ವೆಂದು ಕರೆಯಬಹುದು, ಆದರೆ ರೋಗಕ್ಕಿಂತ ಹೆಸರೇ ಹೆಚ್ಚು ನೋಯಿಸುವ ಭಯವಿರುವುದರಿಂದ ನಾವು ಇಲ್ಲಿ ‘ಹುಣ್ಣುಗರುಳು’ ಎಂದೇ ಹೇಳುತ್ತೇವೆ. ಈ ಹುಣ್ಣು ಏಕೆ ಮಾಯುವುದಿಲ್ಲ, ಔಷಧ ಕೊಟ್ಟಾಗ ಹೇಗೆ ಮಾಯುತ್ತದೆ, ಮಾಯಿತೆಂದು ಹೇಳುವುದು ಯಾವಾಗ ಎಂಬ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ಅತ್ಯಂತ ಕಠಿನವಾದುದು.

ಆಮಶಂಕೆಯಂತೆ ಕಂಡು ಆಮಶಂಕೆಯಲ್ಲದ್ದು

ಮಲದಲ್ಲಿ ನೆತ್ತರು ಮತ್ತು ಲೋಳೆ ಕಂಡೊಡನೆ ನಮ್ಮ ಹಳ್ಳಿಗಳಲ್ಲಿ ಅದನ್ನು ಆಮಶಂಕೆ, ರಕ್ತಭೇದಿ ಎಂದು ಗುರುತಿಸುವುದು ವಾಡಿಕೆ. ಬಹುಪಾಲು ಸಂದರ್ಭಗಳಲ್ಲಿ ಆ ಎಣಿಕೆ ಸರಿಯೂ ಹೌದು. ಅಮೀಬಾ ಎಂಬ ಏಕಕೋಶಜೀವಿಯೋ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾವೋ ಕೆಟ್ಟ ನೀರಿನ ಮೂಲಕ ಹೊಟ್ಟೆಯನ್ನು ಸೇರಿ ಕರುಳನ್ನು ಕೆರಳಿಸಿರುತ್ತದೆ. ತಕ್ಕ ಔಷಧ ಬಿದ್ದರೆ ಒಂದು ವಾರದೊಳಗೆ ರೋಗ ತೊಲಗುತ್ತದೆ. ಹುಣ್ಣುಗರುಳು ಹಾಗಲ್ಲ. ಅದಕ್ಕೆ ಹೊರಗಿನಿಂದ ಬಂದ ಶತ್ರುವೊಬ್ಬನನ್ನು ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಆಮಶಂಕೆಯ ಗುಳಿಗೆಗಳನ್ನು ಮೂರು ನಾಲ್ಕು ಸಲ ನುಂಗಿದರೂ ನೆತ್ತರು ನಿಲ್ಲದೆ ವಾರಗಳು ಉರುಳುತ್ತವೆ. ದಿನಕ್ಕೆ ಎಂಟು ಹತ್ತು ಸಲ ಎದ್ದು ಓಡಬೇಕಾದವನಿಗೆ ಹೊಲದ ಕೆಲಸವೂ ಇಲ್ಲ, ಸಂತೆಯೂ ಇಲ್ಲ. ಮಿರಜಿಗೋ ಬೆಳಗಾವಿಗೋ ಹೋಗಿ ತಜ್ಞರನ್ನು ಕಾಣೋಣವೆಂದರೆ ಬಸ್ಸಿನಲ್ಲಿ ಕೂಡುವ ಧೈರ್ಯವೂ ಇರುವುದಿಲ್ಲ. ಈ ರೋಗ ಹೆಚ್ಚಾಗಿ ತಲೆದೋರುವುದು ಇಪ್ಪತ್ತು ಮೂವತ್ತರ ಹರೆಯದಲ್ಲಿ. ಮದುವೆಯ ಮಾತುಕತೆ ನಡೆಯುವ ವಯಸ್ಸಿನಲ್ಲಿ ಇಂಥದೊಂದು ರೋಗವನ್ನು ಬಾಯಿಬಿಟ್ಟು ಹೇಳಿಕೊಳ್ಳುವವರು ಎಷ್ಟು ಮಂದಿ? ರೋಗನಿರ್ಣಯ ತಡವಾಗುವುದಕ್ಕೆ ನಾಚಿಕೆಯೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ಎಂಬ ವೈದ್ಯನು 1859ರಲ್ಲಿ ಈ ರೋಗದ ವರ್ಣನೆಯನ್ನು ಕೊಟ್ಟ ಮೇಲೆ ಬಹುಕಾಲ ಇದನ್ನು ಬಿಳಿಯರ ನಾಡಿನ ರೋಗವೆಂದೇ ಎಣಿಸಲಾಗುತ್ತಿತ್ತು. ಲೂಧಿಯಾನದ ವೈದ್ಯರು ಪಂಜಾಬಿನಲ್ಲಿ 51,910 ಮಂದಿಯನ್ನು ವಿಚಾರಿಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆ ಆ ಎಣಿಕೆಯನ್ನು ಅಲುಗಿಸಿತು. ಅವರಿಗೆ 23 ರೋಗಿಗಳು ಸಿಕ್ಕಿದರು. ಎಂದರೆ ಲಕ್ಷಕ್ಕೆ ಸುಮಾರು 44. ಲೆಕ್ಕ ಸಣ್ಣದಾಗಿ ಕಾಣಬಹುದು. ಆದರೆ ಪಂಜಾಬಿನ ಪ್ರಮಾಣವೇ ಇಲ್ಲಿಗೂ ಹೊಂದುವುದಾದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಂತಹ ಜನನಿಬಿಡ ತಾಲ್ಲೂಕುಗಳಲ್ಲಿ ನೂರಾರು ಮಂದಿ ಈ ಕಷ್ಟವನ್ನು ಹೊತ್ತು ತಿರುಗುತ್ತಿರಬೇಕು.

ಒಂದೇ ಪದರದ ಗೋಡೆ

ದೊಡ್ಡಕರುಳು ಸುಮಾರು ಐದು ಅಡಿ ಉದ್ದದ ನಳಿಗೆ. ಅದರ ಒಳಗೆ ಎಣಿಕೆಗೆ ಮೀರಿದಷ್ಟು ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವು ನಮ್ಮ ಹಗೆಗಳಲ್ಲ. ನಾವು ಅರಗಿಸಿಕೊಳ್ಳಲಾರದ ನಾರನ್ನು ಹುಳಿಯಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ. ಕರುಳಿನ ಒಳಮೈಯ ಕೋಶಗಳಿಗೆ ಅದೇ ಮುಖ್ಯ ಆಹಾರ. ಆದರೆ ಈ ಒಕ್ಕಲುಗಳು ತಮ್ಮ ಎಲ್ಲೆಯನ್ನು ದಾಟಿ ರಕ್ತದೊಳಕ್ಕೆ ಇಳಿದರೆ ಅನಾಹುತ ತಪ್ಪಿದ್ದಲ್ಲ. ಇವೆರಡರ ನಡುವೆ ಇರುವ ಗೋಡೆ ಎಷ್ಟು ದಪ್ಪವೆಂದು ಕೇಳಿದರೆ ವಾಚಕರು ಬೆರಗಾಗಬಹುದು: ಅದು ಕೇವಲ ಒಂದು ಕೋಶದಷ್ಟು ದಪ್ಪ!

ಇಷ್ಟು ತೆಳುವಾದ ಗೋಡೆ ನಿಂತಿರುವುದಕ್ಕೆ ಎರಡು ಕಾರಣಗಳಿವೆ. ಗೋಡೆಯ ಕೋಶಗಳ ನಡುನಡುವೆ ಬಟ್ಟಲಿನಾಕಾರದ ಕೋಶಗಳು ಕುಳಿತು ಎಡೆಬಿಡದೆ ಲೋಳೆಯನ್ನು ಸುರಿಸುತ್ತವೆ. ಆ ಲೋಳೆ ಎರಡು ಪದರಗಳಾಗಿ ಹರಡುತ್ತದೆ. ಹೊರಪದರದಲ್ಲಿ ಬ್ಯಾಕ್ಟೀರಿಯಾಗಳು ತುಂಬಿರುತ್ತವೆ. ಗೋಡೆಗೆ ಅಂಟಿರುವ ಒಳಪದರ ಎಷ್ಟು ಬಿಗಿಯೆಂದರೆ ಅದರಲ್ಲಿ ಅವುಗಳಿಗೆ ಪ್ರವೇಶವಿಲ್ಲ. ಹೊಳೆಯ ನೀರು ಊರಿಗೆ ನುಗ್ಗದಂತೆ ಕಟ್ಟಿದ ಒಡ್ಡಿನಂತೆ ಈ ಒಳಪದರ. ಎರಡನೆಯದು, ಗೋಡೆ ತನ್ನನ್ನು ತಾನೇ ಸದಾ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಒಳಮೈಯಲ್ಲಿ ಲಕ್ಷಾಂತರ ಸಣ್ಣ ಕುಳಿಗಳಿವೆ. ಒಂದೊಂದು ಕುಳಿಯ ತಳದಲ್ಲಿಯೂ ಕೆಲವು ಮೂಲಕೋಶಗಳು ಅಡಗಿದ್ದು ಒಂದೇ ಸಮನೆ ವಿಭಜನೆ ಹೊಂದುತ್ತಿರುತ್ತವೆ. ಹಾಲೆಂಡಿನ ಹಾನ್ಸ್ ಕ್ಲೆವರ್ಸರೂ ಅವರ ಸಂಗಡಿಗರೂ 2007ರಲ್ಲಿ ಈ ಮೂಲಕೋಶಗಳನ್ನು ಅವುಗಳ ಮೈಮೇಲಿನ ಗುರುತೊಂದರಿಂದ ಹಿಡಿದು ತೋರಿಸಿದರು. ಅಲ್ಲಿ ಹುಟ್ಟಿದ ಕೋಶಗಳು ಕುಳಿಯ ಗೋಡೆಯನ್ನೇರಿ ಮೇಲಕ್ಕೆ ಬಂದು, ನಾಲ್ಕೈದು ದಿನಗಳಲ್ಲಿ ಆಯುಷ್ಯ ಮುಗಿಸಿ ಉದುರಿಹೋಗುತ್ತವೆ. ಹೋದ ವಾರ ಇದ್ದ ಗೋಡೆ ಈ ವಾರ ಇಲ್ಲವೆಂದರೂ ಸಲ್ಲುತ್ತದೆ.

ಗಾಯವಾದಾಗ ಮೊದಲು ನಡೆಯುವುದು ಹೊಸ ಕೋಶಗಳ ಹುಟ್ಟಲ್ಲ. ಅಂಚಿನಲ್ಲಿ ಉಳಿದ ಕೋಶಗಳು ಕಂಬದಂಥ ತಮ್ಮ ಆಕಾರವನ್ನು ಬಿಟ್ಟು ಚಪ್ಪಟೆಯಾಗಿ, ಬರಿದಾದ ನೆಲದ ಮೇಲೆ ತೆವಳುತ್ತವೆ. ಕೆಲವೇ ಗಂಟೆಗಳಲ್ಲಿ ಸಣ್ಣ ಗೀರು ಮುಚ್ಚಿಹೋಗುತ್ತದೆ. ಇದು ಹರಿದ ಚಾವಣಿಯ ಮೇಲೆ ತಾಡಪತ್ರಿ ಎಳೆದಂತೆ, ತಾತ್ಕಾಲಿಕ ವ್ಯವಸ್ಥೆ. ಅನಂತರ ಮೂಲಕೋಶಗಳು ಚುರುಕಾಗಿ ಹೊಸ ಕೋಶಗಳನ್ನು ಹೆರುತ್ತವೆ. ಕೊನೆಯಲ್ಲಿ ಆ ಕೋಶಗಳು ತಂತಮ್ಮ ಕಸುಬನ್ನು ಕಲಿಯಬೇಕು; ಬಟ್ಟಲುಕೋಶವಾಗಬೇಕಾದುದು ಬಟ್ಟಲುಕೋಶವಾಗಿ ಲೋಳೆಯನ್ನು ಸುರಿಸಬೇಕು. ಈ ಕೊನೆಯ ಹೆಜ್ಜೆ ಪೂರ್ತಿಯಾಗದೆ ಗೋಡೆ ನೋಡುವುದಕ್ಕೆ ಕೂಡಿಕೊಂಡಿದ್ದರೂ ಒಡ್ಡು ಮಾತ್ರ ತೂತಾಗಿಯೇ ಉಳಿಯುತ್ತದೆ. ಹುಣ್ಣುಗರುಳಿನ ಕಥೆಯ ಮರ್ಮ ಇಲ್ಲಿಯೇ ಇದೆ.

ನಿಲ್ಲದ ಡಂಗುರ

ಊರಿಗೆ ಬೆಂಕಿ ಬಿದ್ದರೆ ಡಂಗುರ ಹೊಡೆದು ಜನರನ್ನು ಕೂಡಿಸುತ್ತಾರೆ. ದೇಹದಲ್ಲಿ ಈ ಡಂಗುರದ ಕೆಲಸವನ್ನು ಮಾಡುವವು ಸೈಟೊಕೈನ್‌ಗಳೆಂಬ ಸಣ್ಣ ಪ್ರೋಟೀನುಗಳು. ಗೋಡೆ ಒಡೆದು ಬ್ಯಾಕ್ಟೀರಿಯಾಗಳು ಒಳನುಗ್ಗಿದ ತಾಣದಲ್ಲಿ ಕಾವಲುಕೋಶಗಳು ಇವನ್ನು ಹೊರಸೂಸುತ್ತವೆ. ಅವುಗಳಲ್ಲಿ ಹೆಚ್ಚು ಹೆಸರಾದುದು ಟಿ.ಎನ್.ಎಫ್. ಇದನ್ನು 1975ರಲ್ಲಿ ಮೊದಲು ಗುರುತಿಸಿದವರು ಇಲಿಗಳ ದುರ್ಮಾಂಸದ ಗಡ್ಡೆಯನ್ನು ಇದು ಕೊಳೆಯಿಸುತ್ತದೆಂದು ಕಂಡು ಆ ಅರ್ಥದ ಹೆಸರನ್ನಿಟ್ಟರು. ಹೆಸರು ನಿಂತಿತು, ಅದರ ನಿಜವಾದ ಕಸುಬು ಬೇರೆಯೇ ಎಂಬುದು ಆಮೇಲೆ ತಿಳಿಯಿತು. ಈ ಕರೆಯನ್ನು ಕೇಳಿ ರಕ್ತನಾಳಗಳ ಒಳಮೈ ಅಂಟಂಟಾಗುತ್ತದೆ. ಹರಿದುಹೋಗುತ್ತಿದ್ದ ಬಿಳಿಯ ಕಣಗಳು ಅಲ್ಲಿಯೇ ತಡೆದು, ನಾಳದಿಂದ ನುಸುಳಿ ಹೊರಬಂದು ಬ್ಯಾಕ್ಟೀರಿಯಾಗಳ ಮೇಲೆ ಬೀಳುತ್ತವೆ. ಅವು ಉಪಯೋಗಿಸುವ ಅಸ್ತ್ರಗಳು ಬಲು ಒರಟಾದವು. ಶತ್ರುವಿನೊಡನೆ ನೆರೆಯ ಕೋಶಗಳೂ ಸಾಯುತ್ತವೆ. ಬೆಂಕಿ ಆರಿಸಲು ಬಂದವರು ಬೇಲಿಯನ್ನೂ ಕಿತ್ತುಹಾಕಿದಂತೆ.

ಆರೋಗ್ಯವಂತರಲ್ಲಿ ಬೆಂಕಿ ಆರಿದ ಮೇಲೆ ಡಂಗುರವೂ ನಿಲ್ಲುತ್ತದೆ. ಹುಣ್ಣುಗರುಳಿನಲ್ಲಿ ಅದು ನಿಲ್ಲುವುದಿಲ್ಲ. ಬಿಳಿಯ ಕಣಗಳು ಬರುತ್ತಲೇ ಇರುತ್ತವೆ, ಕುಳಿಗಳಲ್ಲಿ ಕೀವು ತುಂಬುತ್ತದೆ, ಬಟ್ಟಲುಕೋಶಗಳು ಬರಿದಾಗುತ್ತವೆ, ಲೋಳೆ ತೆಳುವಾಗುತ್ತದೆ, ಬ್ಯಾಕ್ಟೀರಿಯಾಗಳು ಮತ್ತೆ ಒಳನುಗ್ಗುತ್ತವೆ, ಅದನ್ನು ಕಂಡು ಡಂಗುರ ಇನ್ನೂ ಜೋರಾಗುತ್ತದೆ. ಗುದದ್ವಾರದ ಬಳಿಯಲ್ಲಿ ಮೊದಲಾದ ಈ ಸುತ್ತು ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ.

ಹಾಗಾದರೆ ಎಲ್ಲ ಡಂಗುರಗಳ ಬಾಯನ್ನೂ ಕಟ್ಟಿಬಿಡಬಾರದೇಕೆಂದು ಕೇಳಬಹುದು. ಅದು ಅಷ್ಟು ಸುಲಭವಲ್ಲ. ಸಂದೇಶಗಳಲ್ಲಿ ಕೆಲವು ಕಟ್ಟೋಣದ ಕರೆಗಳೂ ಹೌದು. ಇಂಟರ್‌ಲ್ಯೂಕಿನ್-22 ಎಂಬುದನ್ನು ಹೊರಸೂಸುವುದು ರಕ್ಷಣೆಯ ಕೋಶಗಳೇ ಆದರೂ ಅದನ್ನು ಕೇಳುವ ಕಿವಿ ಇರುವುದು ಗೋಡೆಯ ಕೋಶಗಳಿಗೆ. ಅದನ್ನು ಕೇಳಿದಾಗ ಅವು ವಿಭಜನೆ ಹೊಂದಿ ಗಾಯವನ್ನು ಮುಚ್ಚತೊಡಗುತ್ತವೆ. ಟಿ.ಎನ್.ಎಫ್. ಕೂಡ ಬರಿಯ ಕೇಡಿಗನಲ್ಲ. ಕ್ಷಯದ ಕ್ರಿಮಿಗಳನ್ನು ಶ್ವಾಸಕೋಶದಲ್ಲಿ ಗಂಟು ಕಟ್ಟಿ ಸೆರೆಯಲ್ಲಿಡುವುದು ಅದರ ನೆರವಿನಿಂದಲೇ. ಆದುದರಿಂದ ಔಷಧ ಕೊಡುವವನು ಯಾವ ಕರೆಯನ್ನು ಅಡಗಿಸಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ತೂಗಿನೋಡಬೇಕಾಗುತ್ತದೆ.

ಕೀಲುನೋವಿನ ಮದ್ದು ಕರುಳಿಗೆ

ಮೊದಲ ಪರಿಣಾಮಕಾರಿ ಔಷಧ ಹುಟ್ಟಿದುದು ಹುಣ್ಣುಗರುಳಿಗಾಗಿ ಅಲ್ಲ. ಸ್ವೀಡನ್ನಿನ ನಾನಾ ಸ್ವಾರ್ಟ್ಸ್ ಎಂಬ ವೈದ್ಯೆ (ಆ ದೇಶದ ಸರ್ಕಾರೀ ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕಿಯ ಪೀಠವನ್ನೇರಿದ ಮೊದಲ ಮಹಿಳೆ ಆಕೆಯೇ) ಕೀಲುವಾತಕ್ಕೆ ಬ್ಯಾಕ್ಟೀರಿಯಾಗಳೇ ಕಾರಣವೆಂದು ನಂಬಿದ್ದರು. ಬ್ಯಾಕ್ಟೀರಿಯಾವನ್ನು ಅಡಗಿಸುವ ಸಲ್ಫಾ ಔಷಧವನ್ನೂ ನೋವನ್ನು ಶಮನ ಮಾಡುವ ಸ್ಯಾಲಿಸಿಲೇಟನ್ನೂ ಒಂದೇ ಅಣುವಿನಲ್ಲಿ ಬೆಸೆದರೆ ಒಂದೇ ಗುಳಿಗೆಯಿಂದ ಎರಡು ಕೆಲಸವಾದೀತೆಂದು ಅವರ ಯೋಚನೆ. ಹಾಗೆ ತಯಾರಾದ ಸಲ್ಫಸಲಜೀನನ್ನು ಪರೀಕ್ಷಿಸುತ್ತಿದ್ದಾಗ ಹುಣ್ಣುಗರುಳಿನ ರೋಗಿಗಳೂ ಚೇತರಿಸಿಕೊಂಡುದು ಕಂಡಿತು. 1942ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಈ ಗುಳಿಗೆಯ ಚಮತ್ಕಾರವಿರುವುದು ಬೆಸುಗೆಯಲ್ಲಿ. ಎರಡು ಭಾಗಗಳನ್ನು ಕೂಡಿಸಿರುವ ಕೊಂಡಿಯನ್ನು ಜಠರವಾಗಲಿ ಸಣ್ಣಕರುಳಾಗಲಿ ಬಿಚ್ಚಲಾರವು. ಅದನ್ನು ಬಿಚ್ಚಬಲ್ಲವು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಮಾತ್ರ. ಹೀಗಾಗಿ ಔಷಧ ದಾರಿಯಲ್ಲಿ ಪೋಲಾಗದೆ, ಸೇರಬೇಕಾದ ಊರಿನಲ್ಲಿಯೇ ಗಂಟನ್ನು ಬಿಚ್ಚುತ್ತದೆ. ಹಗೆಯೆಂದು ಶಂಕಿಸಿದ ಬ್ಯಾಕ್ಟೀರಿಯಾಗಳ ಕೈಯಿಂದಲೇ ಔಷಧವನ್ನು ಬಡಿಸಿದಂತಾಯಿತು! ಇದನ್ನು ಯಾರೂ ಯೋಜಿಸಿರಲಿಲ್ಲ ಎಂಬುದೇ ಇದರ ಸ್ವಾರಸ್ಯ.

ಎರಡು ಭಾಗಗಳಲ್ಲಿ ಹುಣ್ಣನ್ನು ಮಾಯಿಸುವುದು ಯಾವುದು? ಈ ಪ್ರಶ್ನೆ ಮೂವತ್ತೈದು ವರ್ಷ ಹಾಗೆಯೇ ಉಳಿಯಿತು. ಈಗ ಬಾಂಗ್ಲಾದೇಶದ ಹಿರಿಯ ವೈದ್ಯರಾಗಿ ಹೆಸರಾಗಿರುವ ಆಜಾದ್ ಖಾನರು ಆಕ್ಸ್‌ಫರ್ಡಿನಲ್ಲಿ ಟ್ರೂಲವ್ ಎಂಬ ವೈದ್ಯರೊಡನೆ ಕೆಲಸ ಮಾಡುತ್ತ 1977ರಲ್ಲಿ ಇದನ್ನು ಬಗೆಹರಿಸಿದರು. ಉಪಾಯ ಸರಳವಾದುದು: ಇಡೀ ಔಷಧವನ್ನೂ ಅದರ ಎರಡು ಭಾಗಗಳನ್ನೂ ಬೇರೆಬೇರೆಯಾಗಿ ಬಸ್ತಿಯ ಮೂಲಕ ರೋಗಿಗಳ ಕರುಳಿಗೆ ಕೊಟ್ಟು, ಒಳಮೈಯನ್ನು ಕಣ್ಣಿನಿಂದಲೂ ಸೂಕ್ಷ್ಮದರ್ಶಕದಿಂದಲೂ ನೋಡುವುದು. ಗುಣ ಕಂಡುದು ಸ್ಯಾಲಿಸಿಲೇಟಿನ ಭಾಗದಿಂದ. ಸಲ್ಫಾ ಭಾಗವು ಬರಿಯ ಹೊರೆಯಾಳು. ತಲೆನೋವು, ಓಕರಿಕೆ, ಮೈಮೇಲಿನ ಗಂಧೆಗಳಲ್ಲಿ ಬಹುಪಾಲು ಅದರಿಂದಲೇ ಬರುತ್ತಿದ್ದುವು. ಅಂದಿನಿಂದ ಸ್ಯಾಲಿಸಿಲೇಟಿನ ಭಾಗವನ್ನೇ ಬೇರ್ಪಡಿಸಿ, ದೊಡ್ಡಕರುಳಿನ ಬಳಿಯಲ್ಲಿ ಕರಗುವ ಲೇಪವನ್ನು ಹಚ್ಚಿ, ಮೆಸಲಮೀನ್ ಎಂಬ ಹೆಸರಿನಿಂದ ಕೊಡುವ ಪದ್ಧತಿ ಬೆಳೆಯಿತು. ಸೌಮ್ಯವಾದ ಹುಣ್ಣುಗರುಳಿಗೆ ಇಂದಿಗೂ ಮೊದಲ ಮದ್ದು ಇದೇ. ಇದು ಗೋಡೆಯ ಕೋಶಗಳೊಳಗಿನ ಒಂದು ಗ್ರಾಹಕವನ್ನು ಎಚ್ಚರಿಸಿ ಉರಿಯೂತದ ಆಜ್ಞೆಗಳನ್ನು ತಗ್ಗಿಸುತ್ತದೆಂದು 2005ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು.

ಕಣ್ಣಿಗೆ ಮಾಯ್ದುದು, ಸೂಕ್ಷ್ಮದರ್ಶಕಕ್ಕೆ ಮಾಯದುದು

ಟ್ರೂಲವ್ ಅವರ ಹೆಸರು ಬಂದಿತಾಗಿ ಅವರದೇ ಇನ್ನೆರಡು ಕೆಲಸಗಳನ್ನು ಹೇಳಬೇಕು. ತೀವ್ರವಾದ ಹುಣ್ಣುಗರುಳು ಒಂದು ಕಾಲಕ್ಕೆ ಪ್ರಾಣವನ್ನೇ ತೆಗೆಯುತ್ತಿತ್ತು. ಟ್ರೂಲವ್ ಮತ್ತು ವಿಟ್ಸ್ 210 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಕಾರ್ಟಿಸೋನನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿಮದ್ದನ್ನೂ ಕೊಟ್ಟು ನೋಡಿದರು. ಆರು ವಾರಗಳ ಕೊನೆಯಲ್ಲಿ ಕಾರ್ಟಿಸೋನ್ ಪಡೆದವರಲ್ಲಿ ನೂರಕ್ಕೆ 41 ಮಂದಿಗೆ ರೋಗ ಪೂರ್ಣ ಶಮನವಾಗಿತ್ತು. ಮತ್ತೊಂದು ಪಂಗಡದಲ್ಲಿ ನೂರಕ್ಕೆ 16 ಮಂದಿಗೆ. 1955ರ ಈ ಪರೀಕ್ಷೆ ವೈದ್ಯಶಾಸ್ತ್ರದ ಮಾದರಿಗಳಲ್ಲೊಂದು. ಕಾರ್ಟಿಸೋನಿನ ಜಾತಿಯ ಔಷಧಗಳು ಬಹುಪಾಲು ಡಂಗುರಗಳನ್ನು ಒಮ್ಮೆಗೇ ಅಡಗಿಸುತ್ತವೆ. ಆದರೆ ಅವನ್ನು ಬಹುಕಾಲ ಕೊಟ್ಟರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆಯ ಕಾಯಿಲೆ ಹೆಚ್ಚುತ್ತದೆ, ಮುಖ ಊದಿಕೊಳ್ಳುತ್ತದೆ. ಶಮನವಾದ ರೋಗ ಮರುಕಳಿಸದಂತೆ ಕಾಯುವ ಶಕ್ತಿಯೂ ಅವಕ್ಕಿಲ್ಲ. ಬೆಂಕಿ ಆರಿಸಲು ಕರೆಯಬಹುದಾದವರನ್ನು ಮನೆಯಲ್ಲಿಯೇ ಇರಿಸಿಕೊಳ್ಳಬಾರದು.

ಎರಡನೆಯ ಕೆಲಸ ಮರುವರ್ಷದ್ದು. 1956ರಲ್ಲಿ ಟ್ರೂಲವ್ ಮತ್ತು ರಿಚರ್ಡ್ಸ್ ಚಿಕಿತ್ಸೆಯಿಂದ ಗುಣಮುಖರಾದವರ ಕರುಳಿನಿಂದ ಅಂಗಾಂಶದ ಚೂರುಗಳನ್ನು ತೆಗೆದು ಪರೀಕ್ಷಿಸಿದರು. ರೋಗಿಗೆ ನೋವಿಲ್ಲ, ನೆತ್ತರಿಲ್ಲ. ನಳಿಗೆ ಹಾಕಿ ನೋಡಿದ ವೈದ್ಯನ ಕಣ್ಣಿಗೂ ಒಳಮೈ ಚೊಕ್ಕಟವಾಗಿಯೇ ಕಾಣುತ್ತದೆ. ಆದರೂ ಅವರಲ್ಲಿ ಹಲವರ ಅಂಗಾಂಶದಲ್ಲಿ ಸೂಕ್ಷ್ಮದರ್ಶಕವು ಬಿಳಿಯ ಕಣಗಳ ಗುಂಪನ್ನು ತೋರಿಸಿತು. ಇದರ ಬೆಲೆಯೇನೆಂಬುದು 1991ರಲ್ಲಿ ಇಂಗ್ಲೆಂಡಿನ ಇನ್ನೊಂದು ಅಧ್ಯಯನದಿಂದ ತಿಳಿಯಿತು. ಗುಣವಾದಂತೆ ಕಾಣುತ್ತಿದ್ದ ರೋಗಿಗಳನ್ನು ಒಂದು ವರ್ಷ ಅನುಸರಿಸಿದಾಗ, ಅಂಗಾಂಶದಲ್ಲಿ ಇಂಥ ಕಣಗಳಿದ್ದವರಲ್ಲಿ ನೂರಕ್ಕೆ 52 ಮಂದಿಗೆ ರೋಗ ಮರುಕಳಿಸಿತು. ಇಲ್ಲದವರಲ್ಲಿ ನೂರಕ್ಕೆ 25 ಮಂದಿಗೆ.

ನಮ್ಮ ಕಡೆಯ ರೋಗಿಗಳ ಪಾಲಿಗೆ ಈ ಲೇಖನದಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ನೆತ್ತರು ನಿಂತ ಕೂಡಲೆ ಗುಳಿಗೆಯನ್ನು ನಿಲ್ಲಿಸುವುದು ಮನುಷ್ಯಸ್ವಭಾವ. ಗುಳಿಗೆಗೆ ದುಡ್ಡು ಬೇಕು. ಮೈಯಲ್ಲಿ ಕಸುವಿರುವಾಗ ತಾನು ರೋಗಿಯೆಂದು ಒಪ್ಪಿಕೊಳ್ಳಲು ಮನಸ್ಸೂ ಬಾರದು. ಆದರೆ ಹೊರಗೆ ನೆತ್ತರು ನಿಂತಾಗ ಒಳಗೆ ಎಳೆದಿರುವುದು ತಾಡಪತ್ರಿ ಮಾತ್ರ. ಚಾವಣಿಯ ಕೆಲಸ ಇನ್ನೂ ನಡೆದಿರುತ್ತದೆ. ಅಮೆರಿಕದಲ್ಲಿ ಮೆಸಲಮೀನ್ ಸೇವಿಸುತ್ತ ಶಮನದಲ್ಲಿದ್ದ 99 ರೋಗಿಗಳನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಗುಳಿಗೆಯನ್ನು ಸರಿಯಾಗಿ ತೆಗೆದುಕೊಳ್ಳದವರಲ್ಲಿ ರೋಗ ಮರುಕಳಿಸುವ ಸಂಭವ ತೆಗೆದುಕೊಂಡವರಿಗಿಂತ ಐದು ಪಟ್ಟಿಗೂ ಮಿಗಿಲಾಗಿತ್ತು. ಒಳಗಿನ ಸ್ಥಿತಿಯನ್ನು ತಿಳಿಯಲು ಪ್ರತಿ ಸಲವೂ ನಳಿಗೆ ಹಾಕಿಸಿಕೊಳ್ಳಬೇಕಾದ ಕಷ್ಟವೂ ಈಗಿಲ್ಲ. ಬಿಳಿಯ ಕಣಗಳಲ್ಲಿರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು ಉರಿಯೂತವಿದ್ದಾಗ ಮಲದೊಡನೆ ಹೊರಬರುತ್ತದೆ. ಮಲದ ಪರೀಕ್ಷೆಯಲ್ಲಿ ಅದರ ಮಟ್ಟ ಏರುತ್ತಿದ್ದರೆ ರೋಗಿಗೆ ತಿಳಿಯುವ ಮೊದಲೇ ವೈದ್ಯರಿಗೆ ಮುನ್ಸೂಚನೆ ಸಿಗುತ್ತದೆ.

ಹೊಸ ಔಷಧಗಳು

ಮೆಸಲಮೀನಿಗೂ ಕಾರ್ಟಿಸೋನಿಗೂ ಬಗ್ಗದ ರೋಗಕ್ಕಾಗಿ ಈಚಿನ ಇಪ್ಪತ್ತು ವರ್ಷಗಳಲ್ಲಿ ಬಂದ ಔಷಧಗಳು ಒಂದೊಂದು ಕರೆಯನ್ನೇ ಆಯ್ದು ಅಡಗಿಸುತ್ತವೆ. ಟಿ.ಎನ್.ಎಫ್.ಅನ್ನು ಹಿಡಿದುಹಾಕುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಪ್ರತಿಕಾಯದ ಪರೀಕ್ಷೆ 2005ರಲ್ಲಿ ಪ್ರಕಟವಾಯಿತು. ಎಂಟು ವಾರಗಳಲ್ಲಿ ಕರುಳಿನ ಒಳಮೈ ಮಾಯ್ದವರು ಔಷಧದ ಪಂಗಡದಲ್ಲಿ ನೂರಕ್ಕೆ 62, ಹುಸಿಮದ್ದಿನ ಪಂಗಡದಲ್ಲಿ 34. ವೆಡೊಲಿಜುಮ್ಯಾಬ್ ಎಂಬುದು ಕರೆಯನ್ನು ಅಡಗಿಸುವುದಿಲ್ಲ. ಬಿಳಿಯ ಕಣಗಳು ಕರುಳಿನ ರಕ್ತನಾಳದಿಂದ ಇಳಿಯುವ ಬಾಗಿಲನ್ನು ಮುಚ್ಚುತ್ತದೆ. 2017ರಲ್ಲಿ ವರದಿಯಾದ ಟೊಫಾಸಿಟಿನಿಬ್ ಇನ್ನೂ ಒಳಕ್ಕೆ ಹೋಗಿ, ಕೋಶದ ಹೊರಗೆ ಬಂದ ಸಂದೇಶವನ್ನು ಒಳಗಿನ ಕೇಂದ್ರಕ್ಕೆ ಮುಟ್ಟಿಸುವ ಕಿಣ್ವಗಳನ್ನೇ ತಡೆಯುತ್ತದೆ. ಆ ಕಿಣ್ವಗಳಿಗೆ ಎರಡು ಮುಖದ ರೋಮನ್ ದೇವತೆ ಜಾನಸನ ಹೆಸರನ್ನಿಟ್ಟಿದ್ದಾರೆ. ಹೆಸರಿಗೆ ತಕ್ಕಂತೆ ಕೇಡಿನ ಕರೆಯೂ ಕಟ್ಟೋಣದ ಇಂಟರ್‌ಲ್ಯೂಕಿನ್-22ರ ಕರೆಯೂ ಅವುಗಳ ಮೂಲಕವೇ ಸಾಗುತ್ತವೆ. ಆದರೂ ಕೇಡಿನ ಪಾಲೇ ಹೆಚ್ಚಾಗಿರುವುದರಿಂದ ಒಟ್ಟಿನಲ್ಲಿ ಹುಣ್ಣು ಮಾಯುತ್ತದೆ. ಎಲ್ಲರಲ್ಲಿಯೂ ಅಲ್ಲ. ಎಂಟು ವಾರಗಳ ಪರೀಕ್ಷೆಯೊಂದರಲ್ಲಿ ಪೂರ್ಣ ಶಮನ ಕಂಡವರು ನೂರಕ್ಕೆ 18.5, ಹುಸಿಮದ್ದಿನವರಲ್ಲಿ 8.2.

ಟಿ.ಎನ್.ಎಫ್. ತಡೆಯಿಂದ ಕೆಲವರಿಗೆ ಏಕೆ ಗುಣವಾಗುವುದಿಲ್ಲ? ಆಂಕೊಸ್ಟಾಟಿನ್-ಎಮ್ ಎಂಬ ಬೇರೊಂದು ಸಂದೇಶ ಯಾರ ಕರುಳಿನಲ್ಲಿ ಹೆಚ್ಚಾಗಿದೆಯೋ ಅವರಿಗೆ ಆ ಔಷಧ ನಾಟುವುದು ಕಡಮೆಯೆಂದು ಆಕ್ಸ್‌ಫರ್ಡಿನ ಸಂಶೋಧಕರು 2017ರಲ್ಲಿ ತೋರಿಸಿದರು. ಒಂದು ಡಂಗುರದ ಬಾಯಿ ಕಟ್ಟಿದರೆ ಇನ್ನೊಂದು ಬಾರಿಸುತ್ತಿರುತ್ತದೆಯೆಂದು ಇದರ ಅರ್ಥ.

ಕರ್ನಾಟಕದಲ್ಲಿಯೂ ಈ ದಿಕ್ಕಿನ ಕೆಲಸ ನಡೆದಿದೆ. ಬೆಂಗಳೂರಿನ ಬಯೋಕಾನ್ ಕಂಪನಿಯ ಇಟೊಲಿಜುಮ್ಯಾಬ್ ಎಂಬ ಪ್ರತಿಕಾಯ ಮೂಲದಲ್ಲಿ ಕ್ಯೂಬಾ ದೇಶದ ಹವಾನಾದಲ್ಲಿ ಹುಟ್ಟಿದುದು. 2013ರಲ್ಲಿ ಭಾರತದಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಒಪ್ಪಿಗೆ ಪಡೆಯಿತು. ಟಿ-ಕೋಶಗಳ ಮೈಮೇಲೆ ಸಿ.ಡಿ.6 ಎಂಬ ಕೊಕ್ಕೆಯಿದೆ. ಅದು ಇತರ ಕೋಶಗಳ ಮೇಲಿನ ಜೋಡಿಕೊಕ್ಕೆಗೆ ಸಿಕ್ಕಿಕೊಂಡಾಗ ಟಿ-ಕೋಶ ಕೆರಳುತ್ತದೆ, ಅಂಗಾಂಶದೊಳಕ್ಕೆ ನುಗ್ಗುತ್ತದೆ. ಈ ಪ್ರತಿಕಾಯ ಆ ಕೊಕ್ಕೆಗೆ ಅಡ್ಡ ಬರುತ್ತದೆ. ಭಾರತದ 90 ಹುಣ್ಣುಗರುಳಿನ ರೋಗಿಗಳಲ್ಲಿ ಇದನ್ನು ಹುಸಿಮದ್ದಿನೊಡನೆಯೂ ಅಡಾಲಿಮುಮ್ಯಾಬ್ ಎಂಬ ಟಿ.ಎನ್.ಎಫ್. ತಡೆಯೊಡನೆಯೂ ಹೋಲಿಸಿ ನೋಡಿದರು. 2025ರಲ್ಲಿ ಹೊರಬಂದ ಫಲಿತಾಂಶದಲ್ಲಿ, 12 ವಾರಗಳ ಬಳಿಕ ಶಮನ ಕಂಡವರ ಪ್ರಮಾಣ ಹುಸಿಮದ್ದಿನವರಿಗಿಂತ ಹೆಚ್ಚಾಗಿಯೂ ಅಡಾಲಿಮುಮ್ಯಾಬಿಗೆ ಸಮೀಪವಾಗಿಯೂ ಇತ್ತು. ತೊಂಬತ್ತು ಮಂದಿ ಮೂರು ಪಂಗಡಗಳಾದಾಗ ಒಂದೊಂದರಲ್ಲಿ ಉಳಿಯುವವರು ಸ್ವಲ್ಪ. ಇಷ್ಟರಿಂದಲೇ ಜಯಭೇರಿ ಹೊಡೆಯುವುದು ಸಲ್ಲದೆಂದು ನಮ್ಮ ಅಭಿಪ್ರಾಯ.

ಹೊಸ ಔಷಧಗಳ ಬಗೆಗೆ ಭಾರತದಲ್ಲಿ ವಿಶೇಷವಾಗಿ ನೆನಪಿಡಬೇಕಾದುದು ಕ್ಷಯರೋಗ. ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಮಂದಿಗೆ ಕ್ಷಯ ತಲೆದೋರಿದ ವರದಿ 2001ರಷ್ಟು ಹಿಂದೆಯೇ ಬಂದಿತು. ಗಂಟಿನೊಳಗೆ ಸೆರೆಯಾಗಿದ್ದ ಕ್ರಿಮಿಗಳು ಕಾವಲು ಸಡಿಲಿದೊಡನೆ ಹೊರಬಿದ್ದಿದ್ದುವು. ಆದುದರಿಂದಲೇ ಚುಚ್ಚುಮದ್ದಿಗೆ ಮೊದಲು ಎದೆಯ ಚಿತ್ರವನ್ನೂ ಕ್ಷಯದ ಪರೀಕ್ಷೆಯನ್ನೂ ಮಾಡಿಸುತ್ತಾರೆ. ವೃಥಾ ಖರ್ಚೆಂದು ರೋಗಿಯ ಮನೆಯವರು ಅದನ್ನು ತಪ್ಪಿಸಬಾರದು.

ನಿಪ್ಪಾಣಿಯ ತಂಬಾಕು, ಹೊಲದ ಅರಿಷಿಣ

ಇದೇ ಸೀಮೆಯ ಎರಡು ಬೆಳೆಗಳು ಈ ರೋಗದ ಸಂಶೋಧನೆಯಲ್ಲಿ ಕಾಣಿಸಿಕೊಂಡಿವೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು. ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. ಹುಣ್ಣುಗರುಳಿನ ರೋಗಿಗಳಲ್ಲಿ ಧೂಮಪಾನ ಮಾಡುವವರು ವಿಚಿತ್ರವೆನಿಸುವಷ್ಟು ವಿರಳವೆಂದು 1982ರಲ್ಲಿ ಬ್ರಿಟನ್ನಿನ ವೈದ್ಯರು ಕಂಡುಕೊಂಡರು. ಅದರ ಜಾಡು ಹಿಡಿದು 72 ರೋಗಿಗಳಲ್ಲಿ ನಿಕೋಟಿನ್ ಪಟ್ಟಿಯನ್ನು ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು: ನಿಕೋಟಿನ್ ಪಡೆದ 35ರಲ್ಲಿ 17 ಮಂದಿಗೆ, ಹುಸಿಪಟ್ಟಿ ಪಡೆದ 37ರಲ್ಲಿ 9 ಮಂದಿಗೆ ಪೂರ್ಣ ಶಮನ. ಆದರೆ ಶಮನವನ್ನು ಉಳಿಸಿಕೊಳ್ಳಲು ಅದು ಕೆಲಸಕ್ಕೆ ಬರಲಿಲ್ಲ. ಈ ಮಾತನ್ನು ಕೇಳಿ ಯಾರಾದರೂ ಬೀಡಿ ಹಚ್ಚಿದರೆ ಅದು ಮನೆಯ ಇಲಿಯನ್ನು ಓಡಿಸಲು ಹಾವನ್ನು ಸಾಕಿದಂತೆ. ಹೃದಯವೂ ಶ್ವಾಸಕೋಶವೂ ತೆರುವ ಬೆಲೆಯ ಮುಂದೆ ಈ ಲಾಭ ಲೆಕ್ಕಕ್ಕಿಲ್ಲ. ಕ್ರೋನ್ಸ್ ಎಂಬ ಸೋದರರೋಗವನ್ನಂತೂ ಹೊಗೆ ಉಲ್ಬಣಗೊಳಿಸುತ್ತದೆ.

ಅರಿಷಿಣದ ಮಾತು ಬೇರೆ. ರಾಯಬಾಗ, ಅಥಣಿಗಳ ಹೊಲಗಳಲ್ಲಿ ಬೆಳೆಯುವ ಅರಿಷಿಣಕ್ಕೆ ಗಡಿಯಾಚೆಯ ಸಾಂಗಲಿ ದೊಡ್ಡ ಪೇಟೆ. ಅದರ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಉರಿಯೂತದ ಆಜ್ಞೆಗಳನ್ನು ತಗ್ಗಿಸುತ್ತದೆ. ಜಪಾನಿನ ಹನಾಯಿಯವರ ತಂಡ ಶಮನದಲ್ಲಿದ್ದ 89 ರೋಗಿಗಳಿಗೆ ಎಂದಿನ ಗುಳಿಗೆಗಳೊಡನೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನನ್ನೋ ಹುಸಿಮದ್ದನ್ನೋ ಆರು ತಿಂಗಳು ಕೊಟ್ಟು 2006ರಲ್ಲಿ ವರದಿ ಮಾಡಿತು. ಕರ್ಕ್ಯುಮಿನ್ ಪಡೆದ 43 ಮಂದಿಯಲ್ಲಿ ಇಬ್ಬರಿಗೆ, ಹುಸಿಮದ್ದಿನ 39ರಲ್ಲಿ 8 ಮಂದಿಗೆ ರೋಗ ಮರುಕಳಿಸಿತ್ತು. ದೆಹಲಿಯ ಏಮ್ಸ್ ಸಂಸ್ಥೆಯಲ್ಲಿ ಕೆರಳಿದ ರೋಗಕ್ಕೆ ದಿನಕ್ಕೆ 450 ಮಿಲಿಗ್ರಾಂ ಮಾತ್ರ ಕೊಟ್ಟು ನೋಡಿದಾಗ (ವರದಿ 2017ರದು) ಯಾವ ಪ್ರಯೋಜನವೂ ಕಾಣಲಿಲ್ಲ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಜಪಾನಿನವರು ಎಂದಿನ ಗುಳಿಗೆಯನ್ನು ಬಿಡಿಸಿರಲಿಲ್ಲ. ಇನ್ನೊಂದು, ಅರಿಷಿಣದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಪಾಲು. 2 ಗ್ರಾಂ ಬೇಕಾದರೆ ದಿನಕ್ಕೆ 65 ಗ್ರಾಂ ಪುಡಿಯನ್ನು ತಿನ್ನಬೇಕು. ಯಾವ ಸಾರಿನಲ್ಲಿಯೂ ಅಷ್ಟು ಹಿಡಿಯುವುದಿಲ್ಲ. ಸಾಂದ್ರಗೊಳಿಸಿದ ಗುಳಿಗೆಗಳಿಂದ ಕೆಲವರ ಯಕೃತ್ತಿಗೆ ಪೆಟ್ಟಾದುದೂ ಉಂಟು. ವೈದ್ಯರಿಗೆ ತಿಳಿಸದೆ ಅವನ್ನು ನುಂಗುವುದು ತರವಲ್ಲ.

ಕಿವುಡಾದ ಕೋಶಗಳು

ವರ್ಷಗಟ್ಟಲೆ ಡಂಗುರ ಕೇಳಿದ ಗೋಡೆ ಮಾಯ್ದ ಮೇಲೆ ಮೊದಲಿನ ಗೋಡೆಯೇ ಆಗಿರುತ್ತದೆಯೆ? 2020ರಲ್ಲಿ ಜಪಾನಿನ ಎರಡು ತಂಡಗಳೂ ಬ್ರಿಟನ್ನಿನ ಒಂದು ತಂಡವೂ ಹುಣ್ಣುಗರುಳಿನ ರೋಗಿಗಳ ಕೋಶಗಳ ವಂಶವಾಹಿಗಳನ್ನು ಓದಿ ನೋಡಿದುವು. ಉರಿಯೂತದ ಕರೆಗಳಲ್ಲೊಂದಾದ ಇಂಟರ್‌ಲ್ಯೂಕಿನ್-17ನ್ನು ಕೇಳಿಸಿಕೊಳ್ಳುವ ವ್ಯವಸ್ಥೆಯ ವಂಶವಾಹಿಗಳು ಹಲವು ಕೋಶಗಳಲ್ಲಿ ಕೆಟ್ಟುಹೋಗಿದ್ದುವು. ಕರೆಗೆ ಕಿವುಡಾದ ಕೋಶಗಳು ಗದ್ದಲದ ನಡುವೆಯೂ ಸಾಯದೆ ಉಳಿದು, ಸತ್ತವುಗಳ ಜಾಗವನ್ನು ತುಂಬುತ್ತ ಹರಡಿಕೊಂಡಿದ್ದುವು. ಉರಿಯೂತವು ತನಗೆ ಕಿವಿಗೊಡದವರನ್ನೇ ಆರಿಸಿ ಬೆಳೆಸಿತ್ತು! ಈ ಬಗೆಯ ಕೆಲವು ಬದಲಾವಣೆಗಳು ಕ್ಯಾನ್ಸರಿನ ಗಡ್ಡೆಗಳಲ್ಲಿ ವಿರಳ. ಅವನ್ನು ಕೇಡೆಂದು ಹೇಳುವಂತಿಲ್ಲ. ಆದರೆ ಸಾವು ಮತ್ತು ಮರುಹುಟ್ಟುಗಳ ಈ ಓಟದಲ್ಲಿ ಇತರ ಬದಲಾವಣೆಗಳೂ ಕೂಡಿಬರುತ್ತವೆ; ದೊಡ್ಡಕರುಳಿನ ಬಹುಭಾಗವನ್ನು ವ್ಯಾಪಿಸಿ ಬಹುಕಾಲ ಉಳಿದ ಹುಣ್ಣುಗರುಳಿನಲ್ಲಿ ಕ್ಯಾನ್ಸರಿನ ಸಂಭವ ಹೆಚ್ಚುವುದು ಹಾಗೆಯೇ. ಅದಕ್ಕಾಗಿ ರೋಗ ಆರಂಭವಾಗಿ ಎಂಟು ವರ್ಷಗಳಾದ ಮೇಲೆ, ನೆತ್ತರಿರಲಿ ಇಲ್ಲದಿರಲಿ, ಕರುಳಿನ ಒಳಮೈಯನ್ನು ಕೊಲೊನೊಸ್ಕೋಪಿಯಿಂದ ನೋಡಿಸಿಕೊಂಡು, ಅಲ್ಲಿಂದ ಮುಂದೆ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಮತ್ತೆ ನೋಡಿಸಿಕೊಳ್ಳುತ್ತಿರಬೇಕು.